ನಿಂತ ಟ್ರ್ಯಾಕ್ಟರ್ ಆರು ಡಿಗ್ರಿ ವಾಲಿದೆ ಎನ್ನುತ್ತಿದೆ: ರಾಸ್ಪ್‌ಬೆರಿ ಪೈ ಮೇಲೆ ಜಿಪಿಎಸ್ ಮತ್ತು ಚಲನ ಸಂವೇದಕ

ಎರೆಹೊಲ (ಅಣ್ಣಿಗೇರಿ), ಮಂಗಳವಾರ ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ಊರಿನಲ್ಲಿ ನಮ್ಮದು ಎರೆ ಹೊಲ. ನೋಡುವುದಕ್ಕೆ ಸಪಾಟಾಗಿದೆ, ಆದರೆ ಜೋರು ಮಳೆಯಾದರೆ ಒಂದು ಕಡೆ ನೀರು ನಿಂತು ಕಡಲೆ ಕೊಳೆಯುತ್ತದೆ. ಇಳಿಜಾರು ಯಾವ ಕಡೆಗಿದೆ ಎಂದು ಅಳೆದು, ಬದುವಿನಲ್ಲಿ ಎಲ್ಲಿ ನೀರಿಗೆ ದಾರಿ ಬಿಡಬೇಕು ಎಂದು ಹಿಂಗಾರಿ ಬಿತ್ತನೆಗೆ ಮೊದಲೇ ತಿಳಿಯಬೇಕು. ಅಣ್ಣ ಕುಂಟೆ ಹೊಡೆಯುವಾಗ ಟ್ರ್ಯಾಕ್ಟರಿನ ವಾಲುವಿಕೆಯನ್ನೂ ಜಾಗವನ್ನೂ ಒಟ್ಟಿಗೆ ದಾಖಲಿಸಿದರೆ ಹೊಲದ ಏರುತಗ್ಗು ಸಿಗುತ್ತದೆ ಎಂಬುದು ನನ್ನ ಲೆಕ್ಕ.

ನನ್ನ ಬಳಿ ಇರುವುದು ರಾಸ್ಪ್‌ಬೆರಿ ಪೈ 3 ಬಿ ಪ್ಲಸ್ ಎಂಬ ಅಂಗೈಯಗಲದ ಕಂಪ್ಯೂಟರ್. ಅದರ ತಲೆಯ ಮೇಲೆ ಕೂರುವ ಒಂದೇ ಹಲಗೆಯಲ್ಲಿ ಯು-ಬ್ಲಾಕ್ಸ್ ಎಂ8 ಜಿಪಿಎಸ್, ವೇಗೋತ್ಕರ್ಷ (ಎಳೆತ ಮತ್ತು ಗುರುತ್ವ ಅಳೆಯುವುದು) ಮತ್ತು ಗೈರೋ (ತಿರುಗುವ ವೇಗ ಅಳೆಯುವುದು) ಎರಡೂ ಇರುವ ಎಲ್‌ಎಸ್‌ಎಂ6ಡಿಎಸ್‌ಎಲ್, ದಿಕ್ಸೂಚಿಗೆ ಎಲ್‌ಐಎಸ್3ಎಂಡಿಎಲ್, ವಾಯುಭಾರಕ್ಕೆ ಬಿಎಂಪಿ388 ಇವೆ. ಜಿಪಿಎಸ್ ಸೀರಿಯಲ್ ಪೋರ್ಟಿನಲ್ಲಿ, ಉಳಿದ ಮೂರೂ ಐ2ಸಿ ಎಂಬ ಹಂಚಿಕೆಯ ಎರಡೆಳೆ ತಂತಿಯಲ್ಲಿ. ಐ2ಸಿ ಹುಡುಕಿದರೆ 6ಎ, 1ಸಿ, 77 ಮೂರೂ ವಿಳಾಸಗಳು ಕಾಣುತ್ತವೆ. ಸೀರಿಯಲ್ ಪೋರ್ಟಿನ ಲಾಗಿನ್ ಕನ್ಸೋಲ್ ಅನ್ನು ಮೊದಲ ದಿನವೇ ಬಂದ್ ಮಾಡಿದ್ದೇನೆ. ಇಡೀ ಪೆಟ್ಟಿಗೆಯನ್ನು ಎಡಗಡೆಯ ಮಡ್‌ಗಾರ್ಡ್ ಮೇಲೆ ಬೋಲ್ಟ್ ಹಾಕಿ ಬಿಗಿದಿದ್ದೇನೆ. ಬ್ಯಾಟರಿಯಿಂದ ಮೊಬೈಲ್ ಚಾರ್ಜರ್ ಮೂಲಕ ವಿದ್ಯುತ್ ಬರುತ್ತದೆ.

ಪೈಥಾನ್ ಕಾರ್ಯಕ್ರಮದಲ್ಲಿ ಒಂದೇ ಲೂಪ್ ಇದೆ: ಜಿಪಿಎಸ್‌ನ ಒಂದು ಸಾಲು ಅಕ್ಷರ ಓದು, ಸಂವೇದಕ ಓದು, ಕೋನ ಲೆಕ್ಕ ಹಾಕು, ಕಡತಕ್ಕೆ ಬರೆ, 20 ಮಿಲಿಸೆಕೆಂಡ್ ನಿಲ್ಲು. ಕೋನಕ್ಕೆ ಗೈರೋ 0.98, ವೇಗೋತ್ಕರ್ಷ 0.02 ಪಾಲಿನ ಪೂರಕ ಸೋಸುವಿಕೆ, ಅಂದರೆ ಎರಡರಿಂದ ಬಂದ ಕೋನವನ್ನೂ ಆ ಪಾಲಿನಲ್ಲಿ ಬೆರೆಸುವ ಲೆಕ್ಕ.

ಮನೆಯ ಮೇಜಿನ ಮೇಲೆ ಅರ್ಧ ಡಿಗ್ರಿಯೂ ಅಲುಗುವುದಿಲ್ಲ. ಟ್ರ್ಯಾಕ್ಟರ್ ಮೇಲೆ ಹೀಗಾಗುತ್ತದೆ:

ಒಂದು, ಅಣ್ಣಿಗೇರಿಯ ಹೊಲದಲ್ಲಿ ಹೊಡೆದ ಸಾಲುಗಳು ನಕಾಶೆಯಲ್ಲಿ ಕುಂದಗೋಳದ ಹತ್ತಿರ ಬೀಳುತ್ತಿವೆ.

ಎರಡು, ಸಮನಾದ ನೆಲದಲ್ಲಿ ಟ್ರ್ಯಾಕ್ಟರ್ ಸುಮ್ಮನೆ ನಿಂತು ಎಂಜಿನ್ ಓಡುತ್ತಿದ್ದರೆ ಪಕ್ಕದ ವಾಲುವಿಕೆ ಆರು ಡಿಗ್ರಿಯವರೆಗೂ ಹೋಗುತ್ತದೆ, ಅದೂ ಹೇಗೆ ಬೇಕೋ ಹಾಗೆ. ಎಂಜಿನ್ ಬಂದ್ ಮಾಡಿದರೆ ಸರಿಯಾಗುತ್ತದೆ.

ಮೂರು, ದಿಕ್ಸೂಚಿ ಟ್ರ್ಯಾಕ್ಟರ್ ಪೂರ್ತಿ ಸುತ್ತಿದರೂ ಈಶಾನ್ಯ ಮತ್ತು ಆಗ್ನೇಯದ ನಡುವೆಯೇ ಓಡಾಡುತ್ತದೆ.

ಇನ್ನೊಂದು ಮಳೆ ಬಿದ್ದರೆ ಎರೆ ನೆಲಕ್ಕೆ ಟ್ರ್ಯಾಕ್ಟರ್ ಇಳಿಸಲಾಗುವುದಿಲ್ಲ. ಅದಕ್ಕೇ ಅವಸರ.

ಸಾಧನಕೇರಿ ಸರ್ಕ್ಯೂಟ್ (ಧಾರವಾಡ), ಮಂಗಳವಾರ ರಾತ್ರಿ 10.25

ವಿವರ ಚೆನ್ನಾಗಿ ಕೊಟ್ಟಿದ್ದೀರಿ, ಅರ್ಧ ಕೆಲಸ ಅಲ್ಲಿಯೇ ಆಗಿದೆ. ಮೂರೂ ಬೇರೆ ಬೇರೆ ರೋಗಗಳು. ಒಂದೇ ಮದ್ದು ಹುಡುಕಬೇಡಿ.

ಕುಂದಗೋಳದ ವಿಷಯ ಮೊದಲು. ನೀವು ಜಿಪಿಎಸ್‌ನ ಸಾಲನ್ನು ನೇರವಾಗಿ ಬಿಡಿಸಿ ಓದುತ್ತಿದ್ದೀರಿ, ಅಲ್ಲವೇ? ಅದರಲ್ಲಿ ಅಕ್ಷಾಂಶ 1525.8 ಎಂದಿದ್ದರೆ ಅದು 15.258 ಡಿಗ್ರಿ ಅಲ್ಲ, 15 ಡಿಗ್ರಿ 25.8 ನಿಮಿಷ. ಅಕ್ಷಾಂಶದಲ್ಲಿ ಮೊದಲ ಎರಡು ಅಂಕಿ ಡಿಗ್ರಿ, ರೇಖಾಂಶದಲ್ಲಿ ಮೊದಲ ಮೂರು ಅಂಕಿ ಡಿಗ್ರಿ, ಉಳಿದದ್ದೆಲ್ಲ ನಿಮಿಷ. 25.8 ಅನ್ನು 60ರಿಂದ ಭಾಗಿಸಿದರೆ 0.43, ಅಂದರೆ 15.43 ಡಿಗ್ರಿ. ಅಣ್ಣಿಗೇರಿಯ ರೇಖಾಂಶ ಸುಮಾರು 75.43. ಅಲ್ಲಿಯೂ ನಿಮಿಷ 25.8ರ ಆಸುಪಾಸಿನಲ್ಲೇ ಇರುತ್ತದೆ. ನೂರರಿಂದ ಭಾಗಿಸಿದರೆ 15.258 ಮತ್ತು 75.258 ಬರುತ್ತದೆ, ಅದು ಕುಂದಗೋಳದ ಮಗ್ಗುಲು. ನಿಮ್ಮ ಹೊಲ ಸುಮಾರು 26 ಕಿಲೋಮೀಟರ್ ನೈಋತ್ಯಕ್ಕೆ ಸರಿದಿದೆ. ಇನ್ನೊಂದನ್ನೂ ಪರೀಕ್ಷಿಸಿ: ಒಂದು ನಿಮಿಷವನ್ನು ಡಿಗ್ರಿಯ 60ನೇ ಒಂದು ಭಾಗ ಎನ್ನುವ ಬದಲು 100ನೇ ಒಂದು ಭಾಗ ಎಂದು ಹಿಡಿದಿರುವುದರಿಂದ ಎಲ್ಲ ಉದ್ದಗಳೂ 60 ಶೇಕಡಕ್ಕೆ ಕುಗ್ಗಿರಬೇಕು. ನಿಮ್ಮ ಹೊಲದ ಒಂದು ಸಾಲಿನ ಉದ್ದ ನಿಮಗೆ ಗೊತ್ತೇ ಇರುತ್ತದೆ, ಹೋಲಿಸಿ ನೋಡಿ. ಹಾಗೆಯೇ ಆರ್‌ಎಂಸಿ ಎಂಬ ಜಿಪಿಎಸ್ ಸಾಲಿನಲ್ಲಿ ವೇಗ ನಾಟ್‌ಗಳಲ್ಲಿರುತ್ತದೆ, 1.852ರಿಂದ ಗುಣಿಸಿದರೆ ಗಂಟೆಗೆ ಕಿಲೋಮೀಟರ್. ಸಮಯ ಗ್ರೀನ್‌ವಿಚ್ ಲೆಕ್ಕದ್ದು, ಐದೂವರೆ ಗಂಟೆ ಕೂಡಿಸಿ.

ಇನ್ನು ವಾಲುವಿಕೆ. ನನಗೆ ಅನುಮಾನ ನಿಮ್ಮ ಲೂಪ್ ಮೇಲೆ. ಜಿಪಿಎಸ್ ಸೆಕೆಂಡಿಗೊಮ್ಮೆ ಒಂದು ಗೊಂಚಲು ಸಾಲುಗಳನ್ನು ಕಳಿಸುತ್ತದೆ. 9600 ಬಾಡ್‌ನಲ್ಲಿ ಸೆಕೆಂಡಿಗೆ 960 ಅಕ್ಷರ ಮಾತ್ರ ಸಾಗುತ್ತವೆ. 70 ಅಕ್ಷರದ ಒಂದು ಸಾಲಿಗೇ 70 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಗೊಂಚಲು ಮುಗಿದ ಮೇಲೆ ಮುಂದಿನ ಸೆಕೆಂಡಿನವರೆಗೂ ನಿಮ್ಮ ಲೂಪ್ ಬಾಯಿ ತೆರೆದು ಕಾಯುತ್ತಿರುತ್ತದೆ. ಆ ಹೊತ್ತಿನಲ್ಲಿ ಗೈರೋ ಏನು ಕಂಡಿತು ಎಂದು ಕೇಳುವವರೇ ಇಲ್ಲ. ಆದರೆ ನಿಮ್ಮ ಸೂತ್ರ ಪ್ರತಿ ಸುತ್ತಿಗೂ 20 ಮಿಲಿಸೆಕೆಂಡ್ ಆಯಿತು ಎಂದೇ ನಂಬಿದೆ. ಎರಡು ಸುತ್ತುಗಳ ನಡುವಿನ ನಿಜವಾದ ಕಾಲವನ್ನು ಗಡಿಯಾರದಿಂದ ಅಳೆದು ಇಲ್ಲಿ ಹಾಕಿ. ಅಳೆಯುವುದಕ್ಕೆ ಎಂದೂ ಜಿಗಿಯದ ಮಾನೊಟೋನಿಕ್ ಗಡಿಯಾರವನ್ನೇ ಬಳಸಿ. ಜಾಲದಿಂದಲೋ ಜಿಪಿಎಸ್‌ನಿಂದಲೋ ಸಮಯ ಸರಿಹೊಂದಿದಾಗ ಸಾಮಾನ್ಯ ಗಡಿಯಾರ ಜಿಗಿಯುತ್ತದೆ.

ವಿದ್ಯುತ್ತನ್ನೂ ನೋಡಿ. ಪೈ ತನ್ನ ವೋಲ್ಟೇಜ್ ಸುಮಾರು 4.63ಕ್ಕಿಂತ ಇಳಿದರೆ ಗುರುತು ಹಾಕಿಕೊಳ್ಳುತ್ತದೆ. ವಿಸಿಜೆನ್‌ಸಿಎಂಡಿ ಆದೇಶದಲ್ಲಿ ಥ್ರಾಟಲ್ (ಪೈ ತನ್ನ ವೇಗ ತಗ್ಗಿಸಿದ) ಸ್ಥಿತಿ ಕೇಳಿದಾಗ ಸೊನ್ನೆ ಬರಬೇಕು.

ವರದಾ ತೀರ (ಹಾವೇರಿ), ಬುಧವಾರ ಬೆಳಿಗ್ಗೆ 7.40

ನನಗೂ ಇಂಥದ್ದೇ ಅನುಭವವಾಗಿತ್ತು. ಸಂವೇದಕವೇ ಕೆಟ್ಟಿರಬಹುದು. ಅದನ್ನು ಬಿಟ್ಟು ಬಿಎನ್ಒ055 ಹಾಕಿ ನೋಡಿ. ಕೋನದ ಲೆಕ್ಕವನ್ನೆಲ್ಲ ಚಿಪ್ ತಾನೇ ಮಾಡಿಕೊಡುತ್ತದೆ. ಅದಕ್ಕೆ ಮನಸ್ಸಿಲ್ಲದಿದ್ದರೆ 0.98 ಅನ್ನು 0.995 ಮಾಡಿ, ಅಲುಗಾಟ ಕಡಿಮೆಯಾಗುತ್ತದೆ.

ಇನ್ನೊಂದು ಮಾತು, ಪೆಟ್ಟಿಗೆಯಲ್ಲಿ ಕ್ಯಾಮೆರಾ ಇದೆಯೇ? ಇದ್ದರೆ ಹೇಳಿ.

ಎರೆಹೊಲ (ಅಣ್ಣಿಗೇರಿ), ಬುಧವಾರ ರಾತ್ರಿ 9.55

ಅಕ್ಕ, ಕುಂದಗೋಳದ ಗಂಟು ಬಿಚ್ಚಿತು. ನಮ್ಮ ಸಾಲು 200 ಮೀಟರ್, ಅಣ್ಣ ಹಗ್ಗ ಹಿಡಿದು ಅಳೆದದ್ದು. ನಕಾಶೆಯಲ್ಲಿ 120 ಮೀಟರ್ ಇತ್ತು. ನೀವು ಹೇಳಿದ 60 ಶೇಕಡ ಅಷ್ಟಕ್ಕಷ್ಟೇ. ಈಗ ಸಾಲುಗಳು ನಮ್ಮ ಹೊಲದ ಮೇಲೆಯೇ ಕೂತಿವೆ.

ಲೂಪಿನ ಕಾಲ ಅಳೆದೆ. ಹೆಚ್ಚಿನ ಸುತ್ತುಗಳು 90 ಮಿಲಿಸೆಕೆಂಡ್ ಸುತ್ತಮುತ್ತ, ಸೆಕೆಂಡಿಗೊಮ್ಮೆ 400 ದಾಟುತ್ತಿತ್ತು. ಜಿಪಿಎಸ್ ಓದುವುದನ್ನು ಜೊತೆಜೊತೆಗೇ ಓಡುವ ಬೇರೆ ಥ್ರೆಡ್‌ಗೆ ಹಾಕಿದೆ. ಅದು ಕೊನೆಯ ಜಾಗವನ್ನು ಒಂದು ಕಡೆ ಇಟ್ಟಿರುತ್ತದೆ, ಸಂವೇದಕದ ಲೂಪ್ ಕಾಯದೆ ಎತ್ತಿಕೊಳ್ಳುತ್ತದೆ. ಈಗ ಪ್ರತಿ ಸುತ್ತು 20 ಮಿಲಿಸೆಕೆಂಡ್, ಒಂದರ ಆಚೀಚೆ ಇಲ್ಲ.

ವಿದ್ಯುತ್ ಕೇಳಿದರೆ 50005 ಎಂದು ಬಂತು. ಕಡಿಮೆ ವೋಲ್ಟೇಜ್ ಈಗಲೂ ಇದೆ, ಹಿಂದೆಯೂ ಇತ್ತು ಎಂದು ಅರ್ಥವಂತೆ. ಚಾರ್ಜರ್ ತೆಗೆದು 5 ವೋಲ್ಟ್ 3 ಆಂಪಿಯರ್ ಪರಿವರ್ತಕ ಹಾಕಿದೆ, ದಪ್ಪ ತಂತಿ ಎಳೆದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜ್ ಕುಸಿದು ಪೈ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಎಂಜಿನ್ ಶುರುವಾದ ಮೇಲೆಯೇ ಪೈ ಸ್ವಿಚ್ ಹಾಕುವ ಪದ್ಧತಿ ಮಾಡಿಕೊಂಡೆವು. ಈಗ ಸೊನ್ನೆ ಬರುತ್ತಿದೆ.

ಆದರೆ ವಾಲುವಿಕೆ ಹೋಗಲಿಲ್ಲ! ಬದಲಾಗಿ ಅದಕ್ಕೊಂದು ಲಯ ಬಂದಿದೆ. ಮೊದಲು ಹೇಗೆ ಬೇಕೋ ಹಾಗೆ ಹಾರುತ್ತಿತ್ತು. ಈಗ ನಿಂತ ಟ್ರ್ಯಾಕ್ಟರ್ ನಿಧಾನವಾಗಿ ಎಡಕ್ಕೆ ಆರು ಡಿಗ್ರಿ ವಾಲಿ, ಅಷ್ಟೇ ನಿಧಾನವಾಗಿ ಬಲಕ್ಕೆ ಬಂದು, ಮತ್ತೆ ಎಡಕ್ಕೆ ಹೋಗುತ್ತದೆ. ತೊಟ್ಟಿಲು ತೂಗಿದ ಹಾಗೆ. ಒಂದು ತೂಗಿಗೆ ನಾಲ್ಕೈದು ಸೆಕೆಂಡ್. ಕಣ್ಣೆದುರು ಟ್ರ್ಯಾಕ್ಟರ್ ಅಲುಗದೆ ನಿಂತಿದೆ. ಮಡ್‌ಗಾರ್ಡ್ ಮೇಲೆ ಗಾರೆಯವರ ರಸಮಟ್ಟ ಇಟ್ಟು ನೋಡಿದೆ, ಗುಳ್ಳೆ ನಡುವಿನಲ್ಲೇ ನಡುಗುತ್ತಿತ್ತು, ಎತ್ತಲೂ ಹೋಗಲಿಲ್ಲ.

ಹಾವೇರಿಯ ಸರ್, 0.995 ಮಾಡಿದೆ. ತೂಗು ಕಿರಿದಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಕ್ಯಾಮೆರಾ ಇದೆ, ಸಾಲಿನ ಚಿತ್ರ ತೆಗೆಯಲು.

ಸಾಧನಕೇರಿ ಸರ್ಕ್ಯೂಟ್ (ಧಾರವಾಡ), ಬುಧವಾರ ರಾತ್ರಿ 10.30

ಹೊಸ ಸಂವೇದಕಕ್ಕೆ ಹಣ ಹಾಕಬೇಡಿ. ಎಂಜಿನ್ ನಿಂತಾಗ ಸರಿ ತೋರಿಸುವ ಸಂವೇದಕ ಕೆಟ್ಟಿಲ್ಲ. ಬಿಎನ್ಒ055 ಒಳ್ಳೆಯ ಚಿಪ್, ಆದರೆ ಅದು ಐ2ಸಿ ಗಡಿಯಾರದ ತಂತಿಯನ್ನು ಹಿಡಿದು ನಿಲ್ಲಿಸುತ್ತದೆ, ಪೈ 3ರ ಐ2ಸಿ ಯಂತ್ರಾಂಶ ಅದನ್ನು ಸರಿಯಾಗಿ ಸಹಿಸುವುದಿಲ್ಲ. ಒಂದು ತಲೆನೋವು ಬಿಟ್ಟು ಇನ್ನೊಂದನ್ನು ತಂದುಕೊಂಡಂತೆ.

ಲಯಬದ್ಧವಾಗಿ ತೂಗುವುದು ಮಾತ್ರ ನನಗೂ ಹೊಸದು. ಗದಗದ ಗಾಳಿಗಿರಣಿಯವರು ಕಂಪನ ಅಳೆಯುವ ಕೆಲಸದಲ್ಲೇ ಇರುವವರು, ಅವರು ನೋಡಿದರೆ ಒಳ್ಳೆಯದು.

ಗಾಳಿಗಿರಣಿ (ಗದಗ), ಗುರುವಾರ ಬೆಳಿಗ್ಗೆ 6.15

ತಮ್ಮಾ, ಮೂರು ಪ್ರಶ್ನೆ. ಎಂಜಿನ್‌ಗೆ ಎಷ್ಟು ಸಿಲಿಂಡರ್? ತೂಗುವಾಗ ಮೀಟರ್ ಎಷ್ಟು ತೋರಿಸುತ್ತಿತ್ತು? ಎಕ್ಸಿಲರೇಟರ್ ಪೂರ್ತಿ ಇಳಿಸಿದರೂ ತೂಗುತ್ತದೆಯೇ?

ಎರೆಹೊಲ (ಅಣ್ಣಿಗೇರಿ), ಗುರುವಾರ ಬೆಳಿಗ್ಗೆ 8.05

ಮೂರು ಸಿಲಿಂಡರ್ ಸರ್. ಅಣ್ಣ ಕೈ ಎಕ್ಸಿಲರೇಟರನ್ನು 2000ಕ್ಕೆ ಇಟ್ಟಿದ್ದ, ಕುಂಟೆ ಹೊಡೆಯುವಾಗಲೂ ಅಲ್ಲಿಯೇ ಇಡುತ್ತಾನೆ. ಪೂರ್ತಿ ಇಳಿಸಿದಾಗ 700ರ ಹತ್ತಿರ ಓಡುತ್ತದೆ, ಆಗ ತೂಗುವುದಿಲ್ಲ. ನೀವು ಕೇಳಿದ ಮೇಲೆಯೇ ಗಮನಿಸಿದೆ.

ಗಾಳಿಗಿರಣಿ (ಗದಗ), ಗುರುವಾರ ರಾತ್ರಿ 8.20

ಹಾಗಾದರೆ ಸಿಕ್ಕಿತು. ನಿನ್ನ ಟ್ರ್ಯಾಕ್ಟರ್, ಸಂವೇದಕ, ಸೂತ್ರ ಎಲ್ಲವೂ ಸರಿ. ನೀನು ನೋಡುತ್ತಿರುವ ಗಳಿಗೆ ತಪ್ಪು.

ನಾಲ್ಕು ಹೊಡೆತದ ಎಂಜಿನ್‌ನಲ್ಲಿ ಒಂದೊಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಮೂರು ಸಿಲಿಂಡರ್ ಎಂದರೆ ಎರಡು ಸುತ್ತಿಗೆ ಮೂರು ಹೊಡೆತ. ನಿಮಿಷಕ್ಕೆ 2000 ಸುತ್ತು ಎಂದರೆ ನಿಮಿಷಕ್ಕೆ 3000 ಹೊಡೆತ, ಸೆಕೆಂಡಿಗೆ 50. ಸುಲಭ ಲೆಕ್ಕ ಬೇಕಿದ್ದರೆ, ಮೂರು ಸಿಲಿಂಡರಿನ ಮೀಟರ್ ಅಂಕಿಯನ್ನು 40ರಿಂದ ಭಾಗಿಸು. ಪ್ರತಿ ಹೊಡೆತಕ್ಕೂ ಎಂಜಿನ್ ತನ್ನ ಅಚ್ಚಿನ ಸುತ್ತ ಸ್ವಲ್ಪ ತಿರುಚುತ್ತದೆ, ಮಡ್‌ಗಾರ್ಡ್ ಎಡಬಲಕ್ಕೆ ಅದುರುತ್ತದೆ. ನಿನ್ನ ಲೂಪ್ 20 ಮಿಲಿಸೆಕೆಂಡಿಗೊಮ್ಮೆ ನೋಡುತ್ತದೆ. ಅದೂ ಸೆಕೆಂಡಿಗೆ 50!

ಪಂಚಮಿಯ ಜೋಕಾಲಿ ನೆನಪಿಸಿಕೊ. ಜೋಕಾಲಿ ಎಡ ತುದಿಗೆ ಬಂದಾಗ ಮಾತ್ರ ಕಣ್ಣು ತೆರೆದು ತಕ್ಷಣ ಮುಚ್ಚುವವನಿಗೆ ಜೋಕಾಲಿ ಸದಾ ಎಡಗಡೆಯೇ ನಿಂತಿದೆ ಎಂದು ಕಾಣುತ್ತದೆ. ಅವನು ಕಣ್ಣು ತೆರೆಯುವ ವೇಗ ಜೋಕಾಲಿಯ ವೇಗಕ್ಕಿಂತ ಒಂದು ಕೂದಲೆಳೆ ಹೆಚ್ಚೋ ಕಡಿಮೆಯೋ ಆದರೆ, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಬೇರೆ ಜಾಗದಲ್ಲಿ ಕಂಡು, ಜೋಕಾಲಿ ಬಹಳ ನಿಧಾನವಾಗಿ ತೂಗುತ್ತಿದೆ ಎಂದು ಅವನು ಪ್ರಮಾಣ ಮಾಡಿ ಹೇಳುತ್ತಾನೆ. ನಿನಗೆ ಕಂಡ ನಾಲ್ಕೈದು ಸೆಕೆಂಡಿನ ತೂಗು ಅದೇ. 50 ಮತ್ತು 50.2ರ ನಡುವಿನ ವ್ಯತ್ಯಾಸ 0.2, ಅಂದರೆ ಐದು ಸೆಕೆಂಡಿಗೊಂದು ತೂಗು. ಮೀಟರಿನಲ್ಲಿ ಅದು 8 ಸುತ್ತಿನ ವ್ಯತ್ಯಾಸ ಮಾತ್ರ, ಮುಳ್ಳು ನೋಡಿದರೆ ತಿಳಿಯುವುದೇ ಇಲ್ಲ.

ಆರು ಡಿಗ್ರಿ ಎಲ್ಲಿಂದ ಬಂತು? ಪಕ್ಕಕ್ಕೆ 0.1 ಜಿ ಕಂಪನ ಇದ್ದರೆ ಸಾಕು, ಅದನ್ನು ಭೂಮಿಯ ಗುರುತ್ವದ 1 ಜಿ ಜೊತೆ ಹೋಲಿಸಿ ಕೋನ ತೆಗೆದಾಗ 5.7 ಡಿಗ್ರಿ ಬರುತ್ತದೆ. ನಿನ್ನ 0.98ರ ಸೋಸುವಿಕೆಗೆ ಸುಮಾರು ಒಂದು ಸೆಕೆಂಡಿನ ನೆನಪಿದೆ. ಅದು ವೇಗದ ಅದುರುವಿಕೆಯನ್ನು ನುಂಗುತ್ತದೆ, ಆದರೆ ಐದು ಸೆಕೆಂಡಿನ ತೂಗನ್ನು ನಿಜವಾದ ವಾಲುವಿಕೆ ಎಂದೇ ನಂಬುತ್ತದೆ. ಲೂಪ್ ಸರಿಮಾಡುವ ಮೊದಲು ನೀನು ಅಡ್ಡಾದಿಡ್ಡಿ ನೋಡುತ್ತಿದ್ದೆ, ಅದಕ್ಕೇ ಅಂಕಿಯೂ ಅಡ್ಡಾದಿಡ್ಡಿ ಇತ್ತು. ನೋಟಕ್ಕೆ ಲಯ ಬಂದ ಮೇಲೆ ಸುಳ್ಳಿಗೂ ಲಯ ಬಂತು.

ಇದನ್ನು ಒಪ್ಪಿಕೊಳ್ಳುವ ಮೊದಲು ಪರೀಕ್ಷಿಸು. ಸೋಸುವಿಕೆ ತೆಗೆದು, ವೇಗೋತ್ಕರ್ಷದಿಂದ ಬಂದ ಹಸಿ ಕೋನವನ್ನು ಮಾತ್ರ ನೋಡು. ಮೀಟರ್ 1900ಕ್ಕೆ ಇಟ್ಟರೆ ಹೊಡೆತ 47.5, ನಿನಗೆ ಸೆಕೆಂಡಿಗೆ ಎರಡೂವರೆ ತೂಗು ಕಾಣಬೇಕು. 2100ಕ್ಕೆ ಇಟ್ಟರೆ ಹೊಡೆತ 52.5, ಆಗಲೂ ಎರಡೂವರೆ. 1400ಕ್ಕೆ ಹೊಡೆತ 35, ತೂಗು ಸೆಕೆಂಡಿಗೆ 15. ಅದು ಕಣ್ಣಿಗೆ ಬರೀ ಗದ್ದಲವಾಗಿ ಕಾಣುತ್ತದೆ. ನನ್ನ ಮಾತು ತಪ್ಪಾಗಿದ್ದರೆ ಈ ಅಂಕಿಗಳು ಬರುವುದಿಲ್ಲ.

ಎರೆಹೊಲ (ಅಣ್ಣಿಗೇರಿ), ಶುಕ್ರವಾರ ಸಂಜೆ 7.30

ಸರ್, ಬಂದವು! ಅಣ್ಣ ಎಕ್ಸಿಲರೇಟರ್ ಹಿಡಿದ, ನಾನು ಪರದೆ ನೋಡಿದೆ. 1900ರಲ್ಲಿ ಹತ್ತು ಸೆಕೆಂಡಿಗೆ 24 ತೂಗು ಎಣಿಸಿದೆ. 2100ರಲ್ಲಿ 26. 2000ದ ಹತ್ತಿರ ನಿಧಾನವಾಗುತ್ತಾ ಬಂದು ಒಂದು ಕಡೆ ಬಹುತೇಕ ನಿಂತೇಬಿಟ್ಟಿತು, ಐದು ಡಿಗ್ರಿ ಎಡಕ್ಕೆ ವಾಲಿಕೊಂಡು! ಅಣ್ಣ ಒಂಚೂರು ಏರಿಸಿದ, ಮತ್ತೆ ತೂಗಲು ಹಿಡಿಯಿತು. 1400ರಲ್ಲಿ ಹಸಿ ಅಂಕಿ ಗದ್ದಲವಾಗಿತ್ತು, ಸೋಸಿದ ಕೋನ ಮಾತ್ರ ನೆಟ್ಟಗೆ ಸೊನ್ನೆಯ ಹತ್ತಿರ ನಿಂತಿತ್ತು.

ಲೂಪ್ ಅನ್ನು ಸೆಕೆಂಡಿಗೆ 60 ಮಾಡಿದರೆ ತಪ್ಪಿಸಿಕೊಳ್ಳಬಹುದೇ?

ಗಾಳಿಗಿರಣಿ (ಗದಗ), ಶುಕ್ರವಾರ ರಾತ್ರಿ 9.00

60 ಮಾಡಿದರೆ ಇದೇ ಭೂತ 2400ರಲ್ಲಿ ಬರುತ್ತದೆ, ಜಾಗ ಬದಲಾಯಿತು ಅಷ್ಟೇ. ನೋಡುವ ಮೊದಲೇ ಅದುರುವಿಕೆಯನ್ನು ಸೋಸಬೇಕು. ಒಮ್ಮೆ ಸುಳ್ಳು ಕೋನ ಒಳಗೆ ಬಂದ ಮೇಲೆ ಯಾವ ಸರಾಸರಿಯೂ ಅದನ್ನು ನಿಜದಿಂದ ಬೇರ್ಪಡಿಸಲಾರದು. ಹಾವೇರಿಯವರು ಹೇಳಿದ 0.995 ಅದಕ್ಕೇ ಪೂರ್ತಿ ಫಲಿಸಲಿಲ್ಲ.

ಒಳ್ಳೆಯ ಸುದ್ದಿ ಏನೆಂದರೆ ಎಲ್‌ಎಸ್‌ಎಂ6ಡಿಎಸ್‌ಎಲ್ ಒಳಗೇ ಸೋಸುವ ವ್ಯವಸ್ಥೆ ಇದೆ. ಇಂಥ ಹಲಗೆಗಳ ಮಾದರಿ ಕಾರ್ಯಕ್ರಮಗಳು ಸಂವೇದಕವನ್ನು ಸೆಕೆಂಡಿಗೆ 3,330 ಅಳತೆಯ ವೇಗಕ್ಕೆ ಇಡುವುದುಂಟು. ಅದು ಅಷ್ಟು ಸಲ ಅಳೆಯುತ್ತದೆ, ನೀನು 50 ಸಲ ಮಾತ್ರ ಇಣುಕುತ್ತೀಯ, ನಡುವಿನದ್ದೆಲ್ಲ ಬಿದ್ದುಹೋಗುತ್ತದೆ.

ಈ ನಾಲ್ಕು ರಿಜಿಸ್ಟರ್ (ಚಿಪ್ಪಿನೊಳಗೆ ಸೆಟ್ಟಿಂಗ್ ಬರೆಯುವ ಖಾನೆ) ಬದಲಿಸು. ಖಾನೆಯ ವಿಳಾಸ, ಬರೆಯುವ ಅಂಕಿ ಎರಡೂ ಹದಿನಾರರ ಲೆಕ್ಕದ ಹೆಕ್ಸ್‌ನಲ್ಲಿವೆ. 12ಕ್ಕೆ 44 ಬರೆ. ಹೀಗೆ ಮಾಡಿದರೆ ಒಂದು ಅಳತೆಯ ಮೇಲಿನ ಬೈಟ್ ಇನ್ನೊಂದು ಅಳತೆಯ ಕೆಳಗಿನ ಬೈಟ್ ಜೊತೆ ಬೆರೆಯುವುದಿಲ್ಲ. 10ಕ್ಕೆ 6ಸಿ ಬರೆ, ವೇಗೋತ್ಕರ್ಷ ಸೆಕೆಂಡಿಗೆ 416 ಅಳತೆ, ವ್ಯಾಪ್ತಿ 8 ಜಿ. 11ಕ್ಕೆ 64 ಬರೆ, ಗೈರೋ 416 ಅಳತೆ, ವ್ಯಾಪ್ತಿ ಸೆಕೆಂಡಿಗೆ 500 ಡಿಗ್ರಿ. 17ಕ್ಕೆ 80 ಬರೆ. ಮುಖ್ಯವಾದದ್ದು ಇದೇ. ಎರಡನೇ ಸೋಸುಕ ಚಾಲೂ ಆಗುತ್ತದೆ, 416ರ ಐವತ್ತನೇ ಒಂದು ಭಾಗ ಅಂದರೆ ಸುಮಾರು 8 ಹರ್ಟ್ಜ್‌ಗಿಂತ ಮೇಲಿನ ಅದುರುವಿಕೆಯನ್ನು ತಗ್ಗಿಸುತ್ತದೆ. ಆಮೇಲೆ ನೀನು 50 ಸಲ ಓದಿದರೂ ಭಯವಿಲ್ಲ. ಟ್ರ್ಯಾಕ್ಟರ್ ನಿಜವಾಗಿ ವಾಲುವುದು ಸೆಕೆಂಡಿಗೆ ಒಂದೆರಡು ಸಲಕ್ಕಿಂತ ವೇಗವಾಗಿ ಅಲ್ಲ.

ಗೈರೋ ವ್ಯಾಪ್ತಿ ಮೊದಲು 2000 ಇದ್ದರೆ, ಹಸಿ ಅಂಕಿಯನ್ನು ಡಿಗ್ರಿಗೆ ತಿರುಗಿಸುವ ಗುಣಕ 0.070 ಇರುತ್ತದೆ. 500ಕ್ಕೆ ಇಳಿಸಿದ ಮೇಲೆ 0.0175 ಮಾಡುವುದನ್ನು ಮರೆಯಬೇಡ, ಮರೆತರೆ ಪ್ರತಿ ತಿರುವೂ ನಾಲ್ಕು ಪಟ್ಟು ಕಾಣುತ್ತದೆ.

ಮತ್ತೆ, ಬೋಲ್ಟ್ ಬಿಚ್ಚು. ಪೆಟ್ಟಿಗೆಯ ಕೆಳಗೆ ಹಳೆಯ ಟ್ಯೂಬಿನ ರಬ್ಬರ್ ತುಂಡುಗಳನ್ನು ಎರಡು ಮೂರು ಪದರ ಕೊಟ್ಟು ಕಟ್ಟು. ಸ್ಪಂಜ್ ಬೇಡ, ಅದು ಬಿಸಿಲಿಗೆ ಕುಸಿದು ಪೆಟ್ಟಿಗೆಯೇ ವಾಲುತ್ತದೆ. ನಿನ್ನ ಹೊಲದ ಇಳಿಜಾರು ನೂರಕ್ಕೆ ಒಂದು ಇದ್ದರೂ ಅದು ಅರ್ಧ ಡಿಗ್ರಿ ಚಿಲ್ಲರೆ, ಆದ್ದರಿಂದ ಪೆಟ್ಟಿಗೆ ಕೂರುವ ರೀತಿಯೂ ಲೆಕ್ಕಕ್ಕೆ ಬರುತ್ತದೆ.

ಸಾಧನಕೇರಿ ಸರ್ಕ್ಯೂಟ್ (ಧಾರವಾಡ), ಶುಕ್ರವಾರ ರಾತ್ರಿ 10.10

ಎಷ್ಟು ಚೆಂದದ ರೋಗನಿದಾನ! ನಾನು ಲೂಪ್ ಮೇಲೆ ಮಾತ್ರ ಕಣ್ಣಿಟ್ಟಿದ್ದೆ.

ಅರ್ಧ ಡಿಗ್ರಿಯ ಮಾತು ಬಂತಲ್ಲ, ಅದಕ್ಕೊಂದು ಸೇರಿಸುತ್ತೇನೆ. ಈ ಸಂವೇದಕದ ಸೊನ್ನೆ ಹುಟ್ಟಿನಿಂದಲೇ 40 ಮಿಲಿ-ಜಿ ಅಷ್ಟು ಆಚೀಚೆ ಇರಬಹುದು, ಅದು ಎರಡು ಡಿಗ್ರಿಗಿಂತ ಹೆಚ್ಚು. ತೆಗೆಯುವ ಉಪಾಯ ಸುಲಭ. ಒಂದು ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಕೋನ ಓದಿ. ಅದೇ ಚಕ್ರದ ಗುರುತುಗಳ ಮೇಲೆ ಮೂತಿ ತಿರುಗಿಸಿ ನಿಲ್ಲಿಸಿ ಮತ್ತೆ ಓದಿ. ನೆಲದ ಇಳಿಜಾರಿನ ಚಿಹ್ನೆ ಬದಲಾಗುತ್ತದೆ, ಸಂವೇದಕದ ತಪ್ಪು ಬದಲಾಗುವುದಿಲ್ಲ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಸಿಗುವುದೇ ತಪ್ಪು, ಅದನ್ನು ಎಲ್ಲ ಅಳತೆಯಿಂದ ಕಳೆಯಿರಿ. ಸಾಲು ಹೊಡೆಯುವಾಗ ಹೋಗುವ ಸಾಲು, ಬರುವ ಸಾಲು ಎರಡನ್ನೂ ಬಳಸಿದರೆ ಉಳಿದದ್ದೂ ಕಳೆದುಹೋಗುತ್ತದೆ. ಯಾಕೆ ಇಷ್ಟು ಹಟ ಎಂದರೆ, 0.3 ಡಿಗ್ರಿ ತಪ್ಪು ಉಳಿದರೂ 200 ಮೀಟರ್ ಸಾಲಿನ ಕೊನೆಯಲ್ಲಿ ಒಂದು ಮೀಟರ್ ಎತ್ತರದ ತಪ್ಪಾಗುತ್ತದೆ.

ತಿರುವಿನ ದಾಖಲೆಯನ್ನು ಎಸೆದುಬಿಡಿ. ಸೆಕೆಂಡಿಗೆ 1.2 ಮೀಟರ್ ವೇಗದಲ್ಲಿ ಮೂರು ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಹೊರಗೆಳೆತ 0.05 ಜಿ, ಅದು ಸುಮಾರು ಮೂರು ಡಿಗ್ರಿ ಸುಳ್ಳು ವಾಲುವಿಕೆ.

ದಿಕ್ಸೂಚಿಯ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಇಷ್ಟವಾಗದಿರಬಹುದು: ಟ್ರ್ಯಾಕ್ಟರ್ ಮೇಲೆ ಅದನ್ನು ಬಿಟ್ಟುಬಿಡಿ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 0.4 ಗಾಸ್. ಪಕ್ಕದಲ್ಲೇ ಅಷ್ಟು ಉಕ್ಕು, ಆಲ್ಟರ್ನೇಟರ್. ಸುತ್ತ ತಿರುಗಿಸಿ ಗರಿಷ್ಠ ಕನಿಷ್ಠಗಳ ನಡುಬಿಂದು ಕಳೆದರೆ ಒಂದಷ್ಟು ಸರಿಯಾಗುತ್ತದೆ, ಆದರೆ ಹಿಂದಿನ ಕುಂಟೆ ಎತ್ತಿ ಇಳಿಸಿದರೆ ಮತ್ತೆ ಬದಲಾಗುತ್ತದೆ. ನಿಮಗೆ ದಿಕ್ಕು ಬೇಕಾಗಿರುವುದು ಸಾಲಿನಲ್ಲಿ ಚಲಿಸುವಾಗ ಮಾತ್ರ. ಆಗ ಜಿಪಿಎಸ್ ಕೊಡುವ ಚಲನೆಯ ದಿಕ್ಕೇ ಸಾಕು, ನಡಿಗೆಯ ವೇಗಕ್ಕೂ ಅದು ಚೆನ್ನಾಗಿರುತ್ತದೆ. ಟ್ರ್ಯಾಕ್ಟರ್ ನಿಂತಾಗ ಮಾತ್ರ ಅದನ್ನು ನಂಬಬೇಡಿ.

ವರದಾ ತೀರ (ಹಾವೇರಿ), ಶನಿವಾರ ಬೆಳಿಗ್ಗೆ 7.15

ಸಂವೇದಕ ಕೆಟ್ಟಿದೆ ಎಂದದ್ದು ನನ್ನ ತಪ್ಪು, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಜೋಕಾಲಿಯ ವಿವರಣೆ ಓದಿದ ಮೇಲೆ ನನ್ನ ಹಳೆಯ ಒಂದು ತೊಂದರೆಯೂ ಅರ್ಥವಾಯಿತು.

ಕ್ಯಾಮೆರಾ ಏಕೆ ಕೇಳಿದೆ ಎಂದರೆ, ಪೈ ಕ್ಯಾಮೆರಾದ ಪಟ್ಟಿ ತಂತಿ ಚಾಲೂ ಇದ್ದಾಗ ಜಿಪಿಎಸ್ ಆವರ್ತನದಲ್ಲಿ ಗದ್ದಲ ಎಬ್ಬಿಸುತ್ತದೆ. ಉಪಗ್ರಹದ ಸಂಕೇತ ಬರುವುದು 1575.42 ಮೆಗಾಹರ್ಟ್ಜ್‌ನಲ್ಲಿ, ಅದೂ ಬಹಳ ಕ್ಷೀಣವಾಗಿ. ಡ್ರೋನ್ ಕಟ್ಟುವವರಿಗೆಲ್ಲ ಇದು ಗೊತ್ತು. ಕ್ಯಾಮೆರಾ ಬಂದ್ ಮತ್ತು ಚಾಲೂ ಎರಡೂ ಸ್ಥಿತಿಯಲ್ಲಿ ಸಂಕೇತದ ಬಲ (ಡೆಸಿಬೆಲ್ ಲೆಕ್ಕದಲ್ಲಿ) ಹೋಲಿಸಿ ನೋಡಿ. 40ಕ್ಕಿಂತ ಮೇಲಿದ್ದದ್ದು 30ಕ್ಕಿಂತ ಕೆಳಗೆ ಬಂದರೆ ತಂತಿಯೇ ಕಾರಣ. ತಂತಿಗೆ ತಾಮ್ರದ ಹಾಳೆ ಸುತ್ತಿ ಪೈಯ ಗ್ರೌಂಡ್ ಪಿನ್ನಿಗೆ ಜೋಡಿಸಿ, ಆಂಟೆನಾವನ್ನು ದೂರ ಸರಿಸಿ.

ಎರೆಹೊಲ (ಅಣ್ಣಿಗೇರಿ), ಸೋಮವಾರ ರಾತ್ರಿ 9.20

ಭಾನುವಾರ ಪೂರ್ತಿ ಹೊಲದಲ್ಲೇ ಇದ್ದೆವು. ಎಲ್ಲರಿಗೂ ಒಟ್ಟಿಗೆ ಉತ್ತರಿಸುತ್ತೇನೆ.

ನಾಲ್ಕು ರಿಜಿಸ್ಟರ್ ಬರೆದೆ, ಗುಣಕ ಬದಲಿಸಿದೆ. ರಬ್ಬರ್ ಹಾಕುವ ಮೊದಲೇ 2000ದಲ್ಲಿ ತೂಗು ಆರು ಡಿಗ್ರಿಯಿಂದ ಅರ್ಧ ಡಿಗ್ರಿಗೆ ಇಳಿಯಿತು. ಟ್ಯೂಬಿನ ತುಂಡು ಹಾಕಿದ ಮೇಲೆ 0.2. ಅಣ್ಣ ಬೇಕೆಂದೇ ಎಕ್ಸಿಲರೇಟರ್ ಮೇಲೆ ಕೆಳಗೆ ಮಾಡಿ ನೋಡಿದ, ಎಲ್ಲಿಯೂ ತೂಗಲಿಲ್ಲ.

ಮೂತಿ ತಿರುಗಿಸಿ ಓದಿದಾಗ ಪಕ್ಕದ ಕೋನದಲ್ಲಿ 1.4 ಡಿಗ್ರಿ ಸ್ಥಿರ ತಪ್ಪು ಸಿಕ್ಕಿತು, ಕಳೆದೆ. ತಿರುವುಗಳನ್ನು ಗೈರೋ ನೋಡಿ ತೆಗೆದುಹಾಕುವ ಹಾಗೆ ಬರೆದೆ.

ಕ್ಯಾಮೆರಾದ ವಿಷಯ ನಿಜ ಸರ್. ಚಾಲೂ ಮಾಡಿದ ಕೂಡಲೇ ಬಲ 42ರಿಂದ 29ಕ್ಕೆ ಬಿತ್ತು. ತಾಮ್ರದ ಹಾಳೆ ಸಿಗಲಿಲ್ಲ, ಚಿತ್ರ ನನಗೆ ಅಷ್ಟು ಮುಖ್ಯವೂ ಅಲ್ಲ, ಕ್ಯಾಮೆರಾವನ್ನೇ ಬಿಚ್ಚಿಟ್ಟೆ. ಈಗ ಆಕಾಶ ತೆರೆದಲ್ಲಿ ನಿಂತರೆ ಅರ್ಧ ನಿಮಿಷದಲ್ಲಿ ಜಾಗ ಹಿಡಿಯುತ್ತದೆ. ಉಪಗ್ರಹಗಳ ಪಟ್ಟಿಯಲ್ಲಿ 40 ಮತ್ತು 41 ಎಂಬ ಎರಡು ಸಂಖ್ಯೆಗಳು ಕಂಡವು. ಇಂಥವಕ್ಕೆ ನಿಜವಾದ ಗುರುತಿನ ಸಂಖ್ಯೆ ತಿಳಿಯಲು 87 ಕೂಡಿಸಬೇಕಂತೆ, ಕೂಡಿಸಿದರೆ 127, 128. ಜಿಪಿಎಸ್ ತಪ್ಪು ತಿದ್ದುವ ನಮ್ಮ ದೇಶದ ಗಗನ್ ವ್ಯವಸ್ಥೆಯ ಉಪಗ್ರಹಗಳು ಎಂದು ತಿಳಿದು ಖುಷಿಯಾಯಿತು.

36 ಸಾಲು ಸಿಕ್ಕಿವೆ. ಹೋಗುವ ಬರುವ ಸಾಲುಗಳನ್ನು ಜೋಡಿಸಿ ಲೆಕ್ಕ ಹಾಕಿದರೆ ಹೊಲ ಪಶ್ಚಿಮಕ್ಕೆ ಇಳಿದಿಲ್ಲ. ನಾವು ಇಷ್ಟು ವರ್ಷ ಕಂಡಿ ಬಿಟ್ಟಿದ್ದು ಆ ಕಡೆಗೆ. ನಿಜವಾದ ತಗ್ಗು ದಕ್ಷಿಣದ ಬದುವಿನಿಂದ ಸುಮಾರು 30 ಮೀಟರ್ ಒಳಗಿದೆ. ಅಪ್ಪನಿಗೆ ನಕಾಶೆ ತೋರಿಸಿದೆ. ಅವರು ಏನೂ ಹೇಳದೆ ಎದ್ದು ಹೋಗಿ, ಆ ಜಾಗದಲ್ಲಿ ಒಂದು ಗೂಟ ನೆಟ್ಟು ಬಂದರು.

ಪುಲಿಗೆರೆ (ಲಕ್ಷ್ಮೇಶ್ವರ), ಮಂಗಳವಾರ ಮಧ್ಯಾಹ್ನ 1.45

ಇಡೀ ಚರ್ಚೆ ಓದಿದೆ. ನಾನು ಪವರ್ ಟಿಲ್ಲರ್ ಮೇಲೆ ಇದೇ ಕೆಲಸಕ್ಕೆ ಎಂಪಿಯು-6050 ಎಂಬ ಚಲನ ಸಂವೇದಕ ಇಟ್ಟಿದ್ದೇನೆ. ಒಂದೇ ಸಿಲಿಂಡರ್. ಅದರಲ್ಲಿಯೂ ಒಳಗೆ ಸೋಸುಕ ಇದೆಯೇ?

ಗಾಳಿಗಿರಣಿ (ಗದಗ), ಮಂಗಳವಾರ ರಾತ್ರಿ 8.40

ಇದೆ. ಹೆಕ್ಸ್ 1ಎ ರಿಜಿಸ್ಟರ್‌ಗೆ 5 ಬರೆದರೆ 10 ಹರ್ಟ್ಜ್, 6 ಬರೆದರೆ 5 ಹರ್ಟ್ಜ್. ಏನೂ ಬರೆಯದಿದ್ದರೆ 260, ಅಂದರೆ ಬಾಗಿಲು ಪೂರ್ತಿ ತೆರೆದಿದೆ ಎಂದೇ ಲೆಕ್ಕ. ಒಂದೇ ಸಿಲಿಂಡರಿನ ಎಂಜಿನ್‌ಗೆ ಮೀಟರ್ ಅಂಕಿಯನ್ನು 120ರಿಂದ ಭಾಗಿಸಿ. 1800 ಸುತ್ತಿಗೆ ಹೊಡೆತ ಬರೀ 15. ಅದರ ಮೇಲೆ ಪ್ರತಿ ಸುತ್ತಿನ ಅದುರುವಿಕೆ 30ರಲ್ಲಿ ಬರುತ್ತದೆ, ಒಂಟಿ ಸಿಲಿಂಡರಿನಲ್ಲಿ ಅದೇ ಜೋರು. ಆದ್ದರಿಂದ 6 ಬರೆಯಿರಿ, ರಬ್ಬರನ್ನು ಟ್ರ್ಯಾಕ್ಟರಿಗಿಂತ ಮೆತ್ತಗಿನದು ಹಾಕಿರಿ. ಟಿಲ್ಲರ್ ಹಿಡಿಕೆಯ ಮೇಲೆ ಇಟ್ಟಿದ್ದರೆ ಮೊದಲು ಅಲ್ಲಿಂದ ತೆಗೆಯಿರಿ, ಎಂಜಿನ್ ಕೂರುವ ಚೌಕಟ್ಟಿನ ಹಿಂಭಾಗದಲ್ಲಿ ಜಾಗ ನೋಡಿ.